ಮೆಣಸಿನಹಾಳದ ಸೊನ್ನೆ

ಮೆಣಸಿನಹಾಳಕ್ಕೆ ನೋವು ಅಳೆಯುವ ಯಂತ್ರ ಬಂದು ಎರಡು ವರ್ಷವಾಗಿತ್ತು. ಈ ಎರಡು ವರ್ಷದಲ್ಲಿ ಆ ಊರಿನ ಒಬ್ಬ ಹೆಂಗಸಿಗೂ ನೋವಿದೆ ಎಂದು ಅದು ಒಪ್ಪಿರಲಿಲ್ಲ.

ಊರಿನ ಮುಕ್ಕಾಲು ಪಾಲು ಹೆಂಗಸರು ಗೋದಾಮಿನವರು. ಬೆಳಗಿನ ಎಂಟಕ್ಕೆ ಒಳಹೋಗಿ, ಕೆಂಪು ರಾಶಿಯ ಸುತ್ತ ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಒಣಮೆಣಸಿನಕಾಯಿಯ ತೊಟ್ಟು ಬಿಡಿಸಲು ಹಿಡಿದರೆ ಸಂಜೆ ಆರರ ತನಕ ಹೆಬ್ಬೆಟ್ಟಿಗೂ ತೋರುಬೆರಳಿಗೂ ಪುರಸೊತ್ತಿಲ್ಲ. ಮೂವತ್ತು ದಾಟುವ ಹೊತ್ತಿಗೆ ಬೆರಳು ಸೊಟ್ಟಗಾಗುತ್ತವೆ, ನಲವತ್ತಕ್ಕೆ ಹೆಗಲು ಒಂದು ಕಡೆಗೆ ವಾಲುತ್ತದೆ. ಅವರ ಕೈ ಹಿಡಿದು ನೋಡುತ್ತಾ ದಾಕ್ಷಾಯಣಿ ಅದೇ ಊರಿನಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದಳು. ಕಲಿತದ್ದು ಅಕ್ಯುಪಂಕ್ಚರ್. ಊರವರ ಬಾಯಲ್ಲಿ ಅವಳು ಸೂಜಿ ಅಕ್ಕಾರು.

ಯಂತ್ರ ಬರುವ ಮೊದಲು ಅವಳ ಕೆಲಸದ ರೀತಿ ಬೇರೆ ಇತ್ತು. ಬಂದವರನ್ನು ಕೂರಿಸಿ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ನೋಡುವಳು. ನಾಲಿಗೆ ನೋಡುವಳು. ಆಮೇಲೆ ಹೆಬ್ಬೆರಳಿನಿಂದ ಮೊಣಕೈಯಿಂದ ಕತ್ತಿನ ತನಕ ಗೇಣು ಗೇಣಾಗಿ ಒತ್ತುತ್ತಾ ಹೋಗುವಳು. ಕಣ್ಣು ಮಾತ್ರ ಒತ್ತಿದ ಜಾಗದ ಮೇಲಿರದೆ ರೋಗಿಯ ಕಣ್ಣಂಚಿನ ಮೇಲಿರುತ್ತಿತ್ತು. ಒತ್ತಿದರೆ ಹಿತವೆನಿಸುವ ನೋವು ಒಂದು ಜಾತಿ, ಒತ್ತಿದರೆ ಕೆರಳುವುದು ಇನ್ನೊಂದು. ಬಿಸಿನೀರಿಗೆ ಇಳಿಯುವುದೋ, ತಂಪಿಗೋ. ಕೆಲಸ ಬಿಟ್ಟ ದಿನ ಕಡಿಮೆಯೋ, ಹಾಗೇ ಇದೆಯೋ. ದುಡಿಮೆಯ ನೋವು ಕೂತರೆ ಇಳಿಯಬೇಕು. ಕೂತರೂ ಮಲಗಿದರೂ ಇಳಿಯದೆ ಕೊರೆಯುವ ನೋವು ಕೈಯಲ್ಲಿ ಕಂಡರೂ ಕೈಯದಲ್ಲ, ಅದನ್ನು ಬೇರೆ ಕಡೆ ಹುಡುಕಬೇಕು. ಹೀಗೆ ಒಂದೊಂದನ್ನೇ ಕೂಡಿಸಿ ಕಳೆದು ಅವಳು ಒಂದು ತೀರ್ಮಾನಕ್ಕೆ ಬರುವುದರೊಳಗೆ ಅರ್ಧ ಗಂಟೆ ಹೋಗುತ್ತಿತ್ತು. "ಎಲ್ಲಿ ನೋವು" ಎಂದು ಅವಳು ಎಂದೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಈಗ ಅವಳು ನಡೆಸುವ ನೋವು ಕೇಂದ್ರದಲ್ಲಿ ಯಂತ್ರದ ಓದುಸೂಜಿಗೆ ಒಂದೆರಡು ನಿಮಿಷ ಸಾಕು. ನೋಡಲು ಸಾಧಾರಣ ಸೂಜಿಯಂತೆಯೇ. ತುದಿಯಲ್ಲಿ ಕೂದಲಿಗಿಂತ ಸಣ್ಣ ತಂತಿ. ನೋವನ್ನು ಹೊತ್ತು ಮಿದುಳಿನ ಕಡೆಗೆ ಓಡುವ ನರದ ಮಿಡಿತವನ್ನು ಆ ತಂತಿ ಎಣಿಸುತ್ತದೆ. ಒಂದೊಂದು ಸೀಮೆಯ ಮೈ ಒಂದೊಂದು ಥರ, ಬಿಸಿಲು ಬೇರೆ, ನೀರು ಬೇರೆ, ಕಸುಬು ಬೇರೆ. ಆದ್ದರಿಂದ ಪ್ರತಿ ಊರಿನಲ್ಲೂ ಅದೇ ಕಸುಬಿನ, ನೋವಿಲ್ಲದ ಮೂವತ್ತು ಮಂದಿಯ ಮಿಡಿತವನ್ನು ಮೊದಲು ಎಣಿಸಿಕೊಂಡು, ಅದರ ಸರಾಸರಿಯನ್ನು ಆ ಊರಿನ ಸೊನ್ನೆ ಎಂದು ಇಟ್ಟುಕೊಳ್ಳುತ್ತದೆ. ಆ ಸೊನ್ನೆಯಿಂದ ಎಷ್ಟು ಮೇಲೆ ಹೋದರೆ ಅಷ್ಟು ಅಂಕದ ನೋವು. ನಲವತ್ತನ್ನು ಮೀರಿ ಒಂದು ನಿಮಿಷ ನಿಂತರೆ ಯಂತ್ರವೇ ಚೀಟಿ ಕೊಡುತ್ತದೆ. ಚೀಟಿ ಇದ್ದರೆ ಗೋದಾಮಿನಿಂದ ಬಿಡುವು, ಜಿಲ್ಲೆಯ ದೊಡ್ಡಾಸ್ಪತ್ರೆಯಲ್ಲಿ ಜಾಗ. ನೋವು ಎಂದು ಬಂದವರನ್ನು ಚೀಟಿಯಿಲ್ಲದೆ ಒಳಗೆ ಬಿಡುವ ಆಸ್ಪತ್ರೆ ಈಗ ಆ ಕಡೆ ಒಂದೂ ಉಳಿದಿರಲಿಲ್ಲ. ಎರಡು ಸಲ ಹತ್ತಕ್ಕಿಂತ ಕೆಳಗೆ ಬಂದವರ ಹೆಸರು ಗೋದಾಮಿನ ಬಾಗಿಲ ಫಲಕದ ಮೇಲೆ 'ನಟನೆ' ಎಂಬ ಸಾಲಿನಲ್ಲಿ ಬೀಳುತ್ತಿತ್ತು. ಮುಂದೆ ಮೂರು ವರ್ಷ ಅವರಿಗೆ ಸೂಜಿಯಿಲ್ಲ.

ಗೋದಾಮಿನ ಫಕ್ಕೀರವ್ವನಿಗೆ ಮೊದಲ ಸಲ ಬಂದದ್ದು ಆರು.

"ಆರ!" ಆಗಲೇ ಸೂಜಿ ಹಾಕಿಸಿಕೊಂಡು ಬದಿಗೆ ನಿಂತಿದ್ದ ಮಾಬೂಬಿ ನಕ್ಕಳು. "ನನಗ ಒಂಬತ್ತ ಬಂದಿತ್ತಲೇ ಫಕ್ಕೀರಿ. ನಾ ನಿನಗಿಂತ ದೊಡ್ಡಾಕಿ. ಇನ್ನ ಮ್ಯಾಲ ನಾ ಬಂದ್ರ ಎದ್ದ ನಿಂದರಬೇಕು ನೋಡ."

"ನಿಂದು ಬಾಯಾಗಿನ ನೋವು. ಅದನ್ನ ಅಳದ್ರ ಮಷೀನ ಒಡದ ಹೊಕ್ಕೈತಿ," ಎಂದಳು ಫಕ್ಕೀರವ್ವ. ಸಾಲಿನವರೆಲ್ಲ ನಕ್ಕರು. ಫಕ್ಕೀರವ್ವನೂ ನಕ್ಕಳು. ನಗುತ್ತಲೇ ಬಲಗೈಯಿಂದ ಎಡಗೈಯನ್ನು ಎತ್ತಿ, ನೀರಿನ ಕೊಡವನ್ನು ಇಳಿಸಿದಂತೆ, ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡಳು.

ಆ ಕೈ ಇಟ್ಟುಕೊಂಡ ರೀತಿ ದಾಕ್ಷಾಯಣಿಯ ಮನಸ್ಸಿನಲ್ಲಿ ಚುಚ್ಚಿ ನಿಂತಿತು. ಯಂತ್ರ ಬಂದ ಮೇಲೆ ಕೇಂದ್ರದಲ್ಲಿ ಯಾರನ್ನೂ ಒತ್ತಿ ನೋಡುವ ಹಾಗಿರಲಿಲ್ಲ. ಕೈ ಮುಟ್ಟಿದರೆ ಎಣಿಕೆ ಕೆಡುತ್ತದೆ ಎಂಬ ಕಾನೂನು. ಆದ್ದರಿಂದ ಮರುದಿನ ಸಂಜೆ ಅವಳು ಫಕ್ಕೀರವ್ವನ ಮನೆಗೇ ಹೋದಳು.

ಮನೆ ಎಂದರೆ ಎರಡು ಅಂಕಣ. ಒಳಗೆ ಒಲೆ ಉರಿಯುತ್ತಿತ್ತು. ಫಕ್ಕೀರವ್ವ ಒಂದೇ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಸೊಸೆ ಶೇಕವ್ವ ಬೇಯಿಸುತ್ತಿದ್ದಳು.

"ಬರ್ರಿ ಅಕ್ಕಾರ. ಏ ಶೇಕವ್ವ, ಚಾ ಇಡ. ಹೆಂಗದೀರಿ?"

"ಆರಾಮದೀನಿ. ನೀ ಹೆಂಗದೀ?"

"ಆರಾಮ್ರಿ."

"ಎಂಥಾ ಆರಾಮ?" ಎಂದಳು ಶೇಕವ್ವ ಒಲೆಯಿಂದ ತಲೆಯೆತ್ತದೆ. "ಎಂಟ ತಿಂಗಳಾತ್ರಿ, ಗ್ವಾಡಿಗೆ ಆತ ಕುಂತ ನಿದ್ದಿ ಮಾಡ್ತಾರ. ಮಲಕೊಂಡ್ರ ರೆಕ್ಕಿ ಒಳಗ ಬೆಂಕಿ ಇಟ್ಟಂಗ ಆಕ್ಕೈತಂತ."

"ನಿನ್ನ ಕೇಳ್ಯಾರೇನ?" ಎಂದು ಅತ್ತೆ ಗದರಿದಳು.

ದಾಕ್ಷಾಯಣಿ ಹತ್ತಿರ ಕೂತು ಕೈ ಹಿಡಿದಳು. ಒತ್ತಿದರೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮಣಿಕಟ್ಟು ಸರಿಯಾಗಿತ್ತು, ಮೊಣಕೈ ಸರಿಯಾಗಿತ್ತು. ನೋವು ಕಿರುಬೆರಳಿನ ಕಡೆಯಿಂದ ತೋಳಿನ ಒಳಬದಿಯಲ್ಲಿ ಹತ್ತಿ ಹೆಗಲ ಹಿಂದಿನ ರೆಕ್ಕೆಯೊಳಗೆ ಮುಳುಗುತ್ತಿತ್ತು. ತೊಟ್ಟು ಬಿಡಿಸುವವರ ನೋವು ಹೆಬ್ಬೆಟ್ಟಿನ ಕಡೆಯದು. ಇದು ಆಚೆ ಬದಿಯದು. ಅದೂ ಎಡಗೈ. ಫಕ್ಕೀರವ್ವ ಬಲಗೈಯವಳು.

ಆಗ ಅವಳು ಮುಖ ನೋಡಿದಳು. ಒಲೆಯ ಝಳಕ್ಕೆ ಫಕ್ಕೀರವ್ವ ಬೆವೆತಿದ್ದಳು. ಹಣೆಯ ನಡುವಿನಿಂದ ಬಲಕ್ಕೆ ಬೆವರು ಹನಿಹನಿಯಾಗಿ ಕೆನ್ನೆಗಿಳಿಯುತ್ತಿತ್ತು. ಎಡ ಅರ್ಧ ಒಣಗಿತ್ತು. ನಡುವೆ ಗೆರೆ ಎಳೆದಂತೆ. ಎಡಗಣ್ಣಿನ ರೆಪ್ಪೆ ಒಂದು ಕೂದಲೆಳೆಯಷ್ಟು ಜೋತಿತ್ತು, ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಚಿಕ್ಕದಾಗಿತ್ತು.

ದಾಕ್ಷಾಯಣಿ ಚಹಾದ ಕಪ್ಪನ್ನು ಕೆಳಗಿಟ್ಟಳು. ಕಲಿಯುವಾಗ ಇದನ್ನು ಒಮ್ಮೆ ಓದಿದ್ದಳು. ಕಂಡದ್ದು ಇದೇ ಮೊದಲು. ಕತ್ತಿನ ಬುಡದಲ್ಲಿ, ಪುಪ್ಪುಸದ ತುದಿಯಲ್ಲಿ ಏನೋ ಬೆಳೆದು, ತೋಳಿಗೂ ಕಣ್ಣಿಗೂ ಬೆವರಿಗೂ ಹೋಗುವ ನರಗಳನ್ನು ಒಟ್ಟಿಗೆ ಒತ್ತುತ್ತಿದೆ. ಇದು ಸೂಜಿಯ ಕಾಯಿಲೆಯಲ್ಲ. ಬೇಗ ಕೊಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

"ಫಕ್ಕೀರವ್ವ, ನೀ ದೊಡ್ಡಾಸ್ಪತ್ರಿಗೆ ಹೋಗಬೇಕು."

"ಆರ ಅಂಕದಾಗ ಯಾರ ಕರಕೋತಾರ್ರಿ?" ಎಂದಳು ಫಕ್ಕೀರವ್ವ, ಮುಂದಿನ ಉಂಡೆಯನ್ನು ಹಿಟ್ಟಿನಲ್ಲಿ ಹೊರಳಿಸುತ್ತಾ.

ದಾಕ್ಷಾಯಣಿಯ ಗಂಡ ಗುರುಸಿದ್ಧಯ್ಯ ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತಿಯ ನಂತರ ಪಡಸಾಲೆಯಲ್ಲಿ ಕೂತು ಪೇಪರು ಓದುವುದೂ ಹೆಂಡತಿಯನ್ನು ಕೆಣಕುವುದೂ ಅವನ ಉದ್ಯೋಗ. ಮರುದಿನ ಬೆಳಿಗ್ಗೆ ಅವಳು ತಿಂಡಿಗೆ ಕೈ ಹಚ್ಚದೆ ಕೂತದ್ದನ್ನು ನೋಡಿ ಕೇಳಿದ. ಅವಳು ಹೇಳಿದಳು.

"ಎರಡ ವರ್ಷ, ಸಾವಿರ ಹೆಂಗಸರು. ಹದಿನೈದ ದಾಟಿದಾಕಿ ಒಬ್ಬಾಕಿ ಇಲ್ಲ. ಬಾಜೂ ಊರಿನ ಕಲ್ಲಿನ ಖಣಿಯವರಿಗೆ ಐವತ್ತ, ಅರವತ್ತ ಬರತೈತಿ. ನಮ್ಮೂರಾಗಷ್ಟ ಯಾಕ ಹಿಂಗ?"

"ನಿಮ್ಮ ಸೊನ್ನೀನ ದಪ್ಪ ಐತೇಳು," ಎಂದ ಗುರುಸಿದ್ಧಯ್ಯ ತಮಾಷೆಗೆ. "ಮೂವತ್ತ ಮಂದೀನ ಮುಂಜಾನಿ ಹಿಡದು ಹನ್ನೆರಡರೊಳಗ ಮುಗಿಸಿದ್ದೆಲ್ಲ. ನಮ್ಮ ಬಸ್ಸಿನಾಗ ತಿಕೀಟ ಹರಿಯೂದೂ ಅಷ್ಟ ಜಲ್ದಿ ಆಗ್ತಿರಲಿಲ್ಲ."

ಸೊನ್ನೆಗೆಂದು ಮೂವತ್ತು ಮಂದಿಯನ್ನು ಆರಿಸಿದ ಆ ಬೆಳಿಗ್ಗೆ ದಾಕ್ಷಾಯಣಿಯ ಕಣ್ಣ ಮುಂದೆ ಬಂದು ನಿಂತಿತು. ಯಂತ್ರ ಕೂರಿಸಲು ಮೇಲಿನಿಂದ ಬಂದ ನಾಲ್ವರು ಮಧ್ಯಾಹ್ನವೇ ಹಿಂತಿರುಗಬೇಕಿತ್ತು. ಒತ್ತಿ ನೋಡಲು ಹೊತ್ತಿರಲಿಲ್ಲ. ಗೋದಾಮಿನ ಅಂಗಳದಲ್ಲಿ, ಕೆಲಸ ಮಾಡಿಸುವ ಮುಕಾದಮನ ಎದುರಿಗೆ, ಅವಳು ಸಾಲಾಗಿ ನಿಂತವರನ್ನು ಬಾಯಿಮಾತಿನಲ್ಲಿ ಕೇಳುತ್ತಾ ಹೋಗಿದ್ದಳು: ನೋವೈತೇನವಾ? ಆರಾಮದೀನ್ರಿ. ನಿನಗ? ಆರಾಮ್ರಿ. ನಿನಗ? ಆರಾಮ. ಆ ಊರಿನಲ್ಲಿ ಹೆಣದ ಮುಂದೆ ಕೂತವಳನ್ನು ಕೇಳಿದರೂ ಮೊದಲು ಬರುವ ಮಾತು ಅದೇ. ಹುಟ್ಟಾ ಆ ಊರಿನವಳಾದ ದಾಕ್ಷಾಯಣಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೇಳಿದ್ದಕ್ಕೆ ಉತ್ತರ ಬಂತು, ಬರೆದುಕೊಂಡಳು.

ಟ್ರಂಕಿನಿಂದ ಹಳೆಯ ಪಟ್ಟಿ ತೆಗೆದಳು. ಮೂವತ್ತು ಹೆಬ್ಬೆಟ್ಟು. ಹನ್ನೊಂದನೆಯದು ಫಕ್ಕೀರವ್ವನದು. ಹದಿನೇಳನೆಯದು ಮಾಬೂಬಿಯದು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೋದಾಮಿಗೆ ಹೋಗಿ ಫಕ್ಕೀರವ್ವನನ್ನು ಬದಿಗೆ ಕರೆದು ಕೇಳಿದಳು. "ಆ ದಿನ ನಿನಗ ನೋವಿರಲಿಲ್ಲೇನ?"

"ಇತ್ರಿ. ಇಲ್ಲದ್ದ ಯಾವಾಗಿತ್ತು? ಈ ರೆಕ್ಕೀದು ಈಗಿಂದು. ಕೈಬೆರಳ, ಕುತಿಗಿ, ಸೊಂಟ, ಅವು ಇದ್ದ ಇದ್ದುವು."

"ಮತ್ತ ಆರಾಮ ಅಂದಿ?"

ಫಕ್ಕೀರವ್ವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಕೇಳಿದಾವ್ರಿಗೆ ಮತ್ತೇನ ಹೇಳಾಕ ಬರತೈತ್ರಿ, ಅಕ್ಕಾರ?"

ಹೀಗೆ ಮೂವತ್ತು ಹೆಂಗಸರ ಇಪ್ಪತ್ತು, ಮೂವತ್ತು ವರ್ಷಗಳ ನೋವನ್ನು ಯಂತ್ರ ನೋವಿಲ್ಲವೆಂದು ಎಣಿಸಿಕೊಂಡಿತ್ತು. ಅದರ ಮೇಲೆ ಇನ್ನೆಷ್ಟು ಬಂದರೆ ಅಷ್ಟು ಮಾತ್ರ ಲೆಕ್ಕ. ಫಕ್ಕೀರವ್ವನ ಆರು ಎಂದರೆ, ಅವಳದೇ ಹಳೆಯ ನೋವನ್ನು ಕಳೆದು ಉಳಿದ ಆರು.

ನೋವು ಕೇಂದ್ರಗಳಿಗೆಲ್ಲ ಮೇಲೆ ಒಂದು ನಿಯಂತ್ರಣ ಕೋಣೆ ಇತ್ತು. ದಾಕ್ಷಾಯಣಿ ತೆರೆಯ ಮುಂದೆ ಕೂತು ಕರೆ ಮಾಡಿದಳು. ತೆರೆಯ ಮೇಲೆ ವಿನುತಾ ಎಂಬ ಹುಡುಗಿ ಬಂದಳು. ಅವಳ ಹಿಂದೆ ಗೋಡೆಯ ತುಂಬ ಊರುಗಳ ಹೆಸರು, ಅವುಗಳ ಮುಂದೆ ಮಿನುಗುವ ಅಂಕೆಗಳು. ವಿನುತಾ ಬೈಯುವವಳಲ್ಲ, ದನಿ ಎತ್ತುವವಳೂ ಅಲ್ಲ. ದಾಕ್ಷಾಯಣಿ ತನ್ನ ತಪ್ಪನ್ನು ಒಂದೂ ಬಿಡದೆ ಹೇಳಿ ಮುಗಿಸುವ ತನಕ ಗಲ್ಲಕ್ಕೆ ಕೈಕೊಟ್ಟು ಕೇಳಿದಳು.

"ಮೇಡಂ, ನಿಮ್ಮ ಪ್ರಾಮಾಣಿಕತೆ ದೊಡ್ಡದು," ಎಂದಳು. "ತಕರಾರು ದಾಖಲು ಮಾಡ್ಕೋತೀನಿ. ಆದ್ರೆ ನಿಮ್ಮೂರಿನ ಸೊನ್ನೆ ನಮ್ಮಲ್ಲಿರೋದ್ರಲ್ಲೆಲ್ಲ ತುಂಬ ಸ್ಥಿರವಾದದ್ದು, ಗೊತ್ತಾ? ಮೂವತ್ತು ಜನರಲ್ಲಿ ವ್ಯತ್ಯಾಸವೇ ಇಲ್ಲ. ಹೋದ ವರ್ಷದಿಂದ ಇನ್ನೂ ಒಂಬತ್ತು ಕೇಂದ್ರಗಳಿಗೆ ಅದನ್ನೇ ಕೊಟ್ಟಿದ್ದೀವಿ."

"ಎಲ್ಲರಿಗೂ ಒಂದೇ ನೋವು ಇತ್ತು, ಅದಕ್ಕೆ ವ್ಯತ್ಯಾಸ ಇಲ್ಲ. ಆ ಹೆಂಗಸರನ್ನೇ ಕೇಳಿ. ಈಗ ನಿಜ ಹೇಳ್ತಾರೆ."

"ಅದೇ ಕಷ್ಟ ಮೇಡಂ. ಆಗ ನೋವಿಲ್ಲ ಅಂತ ಹೆಬ್ಬೆಟ್ಟು ಒತ್ತಿದ್ದಾರೆ. ಒಂದ್ಸಲ ಸುಳ್ಳು ಹೇಳಿದವರು ಈಗ ನೋವಿದೆ ಅಂದ್ರೆ ಹೇಗೆ ತಗೊಳ್ಳೋದು? ಸೊನ್ನೆ ಮತ್ತೆ ಮಾಡ್ಬೇಕಂದ್ರೆ ಸಮಿತಿ ಕೂರ್ಬೇಕು, ಹದಿನಾಲ್ಕು ತಿಂಗಳಾಗುತ್ತೆ. ಅದಕ್ಕೂ ನಿಮ್ಮೂರಿನ ನೋವಿಲ್ಲದ ಮೂವತ್ತು ಜನ ಬೇಕು. ಇದ್ದಾರಾ?"

ದಾಕ್ಷಾಯಣಿ ಹೆಬ್ಬೆಟ್ಟಿನ ಪಟ್ಟಿಯನ್ನು ಮಡಚಿ ಬದಿಗಿಟ್ಟಳು. ಆಮೇಲೆ, "ಒಬ್ಬಳನ್ನಾದರೂ ಆಸ್ಪತ್ರೆಗೆ ಬಿಡಿ. ಅವಳ ಮುಖದ ಅರ್ಧ ಬೆವರೋದಿಲ್ಲ. ರೆಪ್ಪೆ ಜೋತಿದೆ. ಇದು ಎದೆಯೊಳಗಿನ ಗಡ್ಡೆ. ನಾನು ಬರೆದುಕೊಡ್ತೀನಿ," ಎಂದಳು.

ವಿನುತಾ ತನ್ನ ಮುಂದಿನ ಕಾಲಂಗಳನ್ನು ನಿಜವಾಗಿಯೂ ಹುಡುಕಿದಳು. "ಬೆವರಿಗೆ ಕಾಲಂ ಇಲ್ಲ ಮೇಡಂ," ಎಂದಳು. "ಇನ್ನೊಂದು ಅಳತೆ ಬಾಕಿ ಇದೆಯಲ್ಲ ಅವರಿಗೆ? ಅಷ್ಟು ದೊಡ್ಡ ಕಾಯಿಲೆ ಆದ್ರೆ ನಲವತ್ತು ತಾನಾಗೇ ಬರುತ್ತೆ."

ತಾನಾಗೇ ಬರುವುದಿಲ್ಲವೆಂದು ದಾಕ್ಷಾಯಣಿಗೆ ಗೊತ್ತಿತ್ತು. ಹೇಗೆ ಬರುತ್ತದೆ ಎಂಬುದೂ ಗೊತ್ತಿತ್ತು. ಇಪ್ಪತ್ತಾರು ವರ್ಷ ಅವಳು ಕಲಿತದ್ದರಲ್ಲಿ ಅರ್ಧ, ಸೂಜಿ ಎಲ್ಲಿಗೆ ಹೋಗಬೇಕು ಎಂಬುದು. ಉಳಿದರ್ಧ, ಎಲ್ಲಿಗೆ ಹೋಗಬಾರದು ಎಂಬುದು.

ಸೋಮವಾರ ಹತ್ತು ಗಂಟೆಗೆ ಫಕ್ಕೀರವ್ವ ಬಂದಳು. ಶೇಕವ್ವನೂ ಜೊತೆಗಿದ್ದಳು. ದಾಕ್ಷಾಯಣಿ ಬಾಗಿಲು ಮುಂದೆ ಮಾಡಿ, ಹೇಳಬೇಕಾದದ್ದನ್ನು ಹೇಳಿದಳು. ಹೇಳದೆ ಮಾಡುವ ಧೈರ್ಯ ಅವಳಿಗಿರಲಿಲ್ಲ.

"ಮೊಣಕೈ ಹಿಂದಿನ ಗುಣಿಯೊಳಗ ಒಂದ ನರ ಐತಿ. ಅದರಾಗ ಸೂಜಿ ಹಾಕಿ ತಿರುವತೀನಿ. ಕೈ ಹೋದರೂ ಹೋಗಬಹುದು. ಒಂದ ನಿಮಿಷ ತಡಕೊಂಡ್ರ ಚೀಟಿ ಬರತೈತಿ."

"ಒಂದ ನಿಮಿಷ ಅಲ್ರಿ?" ಫಕ್ಕೀರವ್ವ ಬೆಂಚಿನ ಮೇಲೆ ಅಂಗಾತ ಮಲಗಿದಳು. "ಮೂರ ಮಕ್ಕಳನ್ನ ಹಡದೀನಿ. ಹಾಕ್ರಿ."

ಸೂಜಿ ಹೋಯಿತು. ತೆರೆಯ ಮೇಲೆ ಏಳು. ದಾಕ್ಷಾಯಣಿ ಬೆರಳುಗಳ ನಡುವೆ ಸೂಜಿಯನ್ನು ತಿರುವಿದಳು. ಹತ್ತೊಂಬತ್ತು. ತುದಿ ನರವನ್ನು ಮುಟ್ಟಿದ್ದು ಅವಳ ಬೆರಳಿಗೆ ತಿಳಿಯಿತು. ಅಲ್ಲಿಂದ ಹಿಂದೆ ಬರಬೇಕೆಂದು ಕಲಿತ ಕೈ ಅದು. ಮುಂದೆ ಹೋದಳು. ಮೂವತ್ತೊಂದು. ಫಕ್ಕೀರವ್ವನ ಕಾಲ್ಬೆರಳುಗಳು ಬಿಚ್ಚಿಕೊಂಡವು. ಸೆರಗಿನ ತುದಿ ಬಾಯೊಳಗೆ ಹೋಗಿತ್ತು. ನಲವತ್ತೆರಡು. ಯಂತ್ರ ಸೆಕೆಂಡು ಎಣಿಸಲು ಹಿಡಿಯಿತು.

"ಅತ್ತೀ, ಚೀರ್ರಿ, ಯಾರೂ ಇಲ್ಲ ಇಲ್ಲೆ," ಎಂದು ಶೇಕವ್ವ ಅತ್ತಳು. ಫಕ್ಕೀರವ್ವ ಚೀರಲಿಲ್ಲ. ಅವಳ ಗಂಟಲಿನಿಂದ, ಒದ್ದೆ ಕಟ್ಟಿಗೆ ಉರಿಯುವಾಗ ಬರುವಂಥ ಸಣ್ಣ ಸದ್ದು ಬರುತ್ತಿತ್ತು. ಇಪ್ಪತ್ತು ಸೆಕೆಂಡು. ಮೂವತ್ತು. ನಲವತ್ತೈದು. ಬೆಂಚಿನ ಕೆಳಗೆ ನೀರು ಹರಿಯಿತು. ಅದು ತನ್ನ ಪಾದದ ತನಕ ಬಂದಾಗ, ಐವತ್ತೆರಡನೆಯ ಸೆಕೆಂಡಿನಲ್ಲಿ, ದಾಕ್ಷಾಯಣಿಯ ಬೆರಳು ತಾನಾಗಿಯೇ ಸಡಿಲವಾಯಿತು.

ಮೂವತ್ತೊಂಬತ್ತು. ಸೆಕೆಂಡಿನ ಎಣಿಕೆ ಅಳಿಸಿಹೋಗಿ ಮತ್ತೆ ಮೊದಲಿಗೆ ಬಂದು ನಿಂತಿತು.

"ಆತೇನ್ರಿ?" ಎಂದಳು ಫಕ್ಕೀರವ್ವ, ಸೆರಗಿನ ಸಂದಿನಿಂದ.

"ಇಲ್ಲ."

ಶೇಕವ್ವ ದಾಕ್ಷಾಯಣಿಯ ಕೈ ಹಿಡಿದುಕೊಂಡಳು. "ಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ, ಬ್ಯಾಡ್ರಿ."

"ಸೂಜಿ ಹೊರಗ ತಗದ್ರ ಅಳತಿ ಮುಗೀತು. ನಿಮಿಷ ತುಂಬಲಿಲ್ಲಂದ್ರ ಚುಚ್ಚಿದಾಗ ಬಂದ ಏಳನ ಉಳೀತೈತಿ, ಎರಡನೇ ಸಲಾನೂ ಹತ್ತರ ಕೆಳಗಂತ ಹೆಸರು ಫಲಕಕ್ಕ ಹೊಕ್ಕೈತಿ," ಎಂದಳು ದಾಕ್ಷಾಯಣಿ. "ಕೈ ಬಿಡವಾ." ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಶೇಕವ್ವ ಕೈ ಬಿಟ್ಟು ಗೋಡೆಗೆ ಮುಖ ಮಾಡಿ ನಿಂತಳು.

ಎರಡನೆಯ ಸಲ ದಾಕ್ಷಾಯಣಿ ಮುಖ ನೋಡಲಿಲ್ಲ. ಕಾಲನ್ನೂ ನೋಡಲಿಲ್ಲ. ತೆರೆಯ ಮೇಲಿನ ಅಂಕೆಯನ್ನು ಮಾತ್ರ ನೋಡಿದಳು. ನಲವತ್ತಮೂರರ ಕೆಳಗೆ ಇಳಿದರೆ ತಿರುವುವುದು, ಐವತ್ತು ದಾಟಿದರೆ ಹಾಗೇ ಹಿಡಿಯುವುದು. ಹಾಗೆ ನೋಡಿದರೆ ಕೆಲಸ ಸುಲಭವಾಗಿತ್ತು. ಅರವತ್ತನೆಯ ಸೆಕೆಂಡಿಗೆ ಯಂತ್ರ ಟಿಣ್ ಎಂದಿತು. ಚೀಟಿ ಹೊರಬಂತು.

ಫಕ್ಕೀರವ್ವ ಎದ್ದು ಕೂತಳು. ಎಡಗೈಯ ಕೊನೆಯ ಎರಡು ಬೆರಳು ಕೊಕ್ಕೆಯಂತೆ ಒಳಗೆ ಮಡಚಿಕೊಂಡಿದ್ದವು. ಬಿಚ್ಚಲು ನೋಡಿದಳು, ಬಿಚ್ಚಲಿಲ್ಲ. ದಾಕ್ಷಾಯಣಿ ನೀರು ತಂದು ಹಿಡಿದಳು.

"ಫಕ್ಕೀರವ್ವ, ಹೆಂಗದೀ?"

ಅವಳು ಆ ನೀರನ್ನು ಮುಟ್ಟಲಿಲ್ಲ, ಮಾತೂ ಆಡಲಿಲ್ಲ. ಸೊಸೆಯ ಭುಜ ಹಿಡಿದು, ಒದ್ದೆ ಸೀರೆಯಲ್ಲೇ ಬಾಗಿಲು ದಾಟಿದಳು. ಹೊರಗೆ ಸರದಿಯಲ್ಲಿ ನಿಂತವರು ಚೀಟಿ ನೋಡಿದರು. ಯಾರೂ ತಮಾಷೆ ಮಾಡಲಿಲ್ಲ.

ಸಂಜೆಗೆ ನಿಯಂತ್ರಣ ಕೋಣೆಯಿಂದ ಸಂದೇಶ ಬಂತು. 'ನಿಮ್ಮ ಕೇಂದ್ರದ ಮೊದಲ ಚೀಟಿಗೆ ಅಭಿನಂದನೆ. ನಿಜವಾದ ನೋವು ಇದ್ದಲ್ಲಿ ಮೆಣಸಿನಹಾಳದ ಸೊನ್ನೆಯಿಂದಲೂ ನಲವತ್ತು ದಾಟುತ್ತದೆ ಎಂದು ಇದರಿಂದ ಸಾಬೀತಾಗಿದೆ. ಸೊನ್ನೆಯ ಕುರಿತ ನಿಮ್ಮ ತಕರಾರನ್ನು ಮುಕ್ತಾಯಗೊಳಿಸಲಾಗಿದೆ.' ಅವಳು ಅದನ್ನು ಎರಡು ಸಲ ಓದಿದಳು. ಗುರುಸಿದ್ಧಯ್ಯನಿಗೂ ಓದಲು ಕೊಟ್ಟಳು. ಅವನು ಕನ್ನಡಕ ತೆಗೆದು ಒರೆಸಿಕೊಂಡ.

ನಾಲ್ಕು ದಿನದ ಮೇಲೆ ಶೇಕವ್ವ ಬಟ್ಟೆ ಒಯ್ಯಲೆಂದು ದೊಡ್ಡಾಸ್ಪತ್ರೆಯಿಂದ ಊರಿಗೆ ಬಂದವಳು ಕೇಂದ್ರದ ಹೊಸ್ತಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. ಅಲ್ಲಿಂದಲೇ ಹೇಳಿದಳು: ಪುಪ್ಪುಸದ ತುದಿಯಲ್ಲಿ ಗಡ್ಡೆ. ನೀವು ಹೇಳಿದ್ದೇ. ಎಲುಬಿಗೆ ಇಳಿದಿದೆಯಂತೆ, ಆರು ತಿಂಗಳ ಹಿಂದೆ ಬಂದಿದ್ದರೆ ಕೊಯ್ಯಬಹುದಿತ್ತಂತೆ. ಈಗ ನೋವಿಗೆ ಔಷಧ ಕೊಟ್ಟು ಮಲಗಿಸಿದ್ದಾರೆ.

"ನಿದ್ದಿ ಬರತೈತೇನ?" ಎಂದು ಕೇಳಿದಳು ದಾಕ್ಷಾಯಣಿ.

"ಬರತೈತ್ರಿ. ಮಲಕೊಂಡ ಮಾಡ್ತಾರ. ಎಚ್ಚರಾದಾಗೊಮ್ಮೆ ಆ ಎರಡ ಬೆರಳ ಬಿಚ್ಚಾಕ ನೋಡ್ತಾರ. ಬಿಳೀ ಕೋಟಿನಾವ್ರು ಬಂದ್ರ ಕೈ ಚಾದರದಾಗ ಮುಚ್ಚಿಕೋತಾರ." ಶೇಕವ್ವ ಅವಳ ಮುಖವನ್ನು ಒಮ್ಮೆ ನೇರವಾಗಿ ನೋಡಿ ಹೊರಟುಹೋದಳು.

ಮರುದಿನ ಬೆಳಿಗ್ಗೆ ದಾಕ್ಷಾಯಣಿ ಬರುವ ಹೊತ್ತಿಗೆ ಕೇಂದ್ರದ ಮುಂದಿನಿಂದ ಗೋದಾಮಿನ ಮೂಲೆಯ ತನಕ ಸಾಲು ನಿಂತಿತ್ತು. ಎಂದೂ ಬಾರದವರೂ ಇದ್ದರು. ಕಳೆದ ವರ್ಷ ಮದುವೆಯಾಗಿ ಬಂದ ಹುಡುಗಿಯರೂ ಇದ್ದರು. ಹರಟೆಯಿಲ್ಲ, ನಗೆಯಿಲ್ಲ. ಹಲವರು ಸೆರಗಿನ ತುದಿಯನ್ನು ಆಗಲೇ ಮಡಚಿ ಕೈಯಲ್ಲಿ ಹಿಡಿದಿದ್ದರು.

ಮೊದಲು ಒಳಬಂದವಳು ಮಾಬೂಬಿ. ಚಪ್ಪಲಿ ಬಿಟ್ಟು, ಬೆಂಚಿನ ಮೇಲೆ ಅಂಗಾತ ಮಲಗಿ, ಎಡಗೈಯನ್ನು ಮೊಣಕೈ ಮೇಲಾಗುವಂತೆ ತಿರುಗಿಸಿ ಇಟ್ಟಳು.

"ಬಲಗೈ ಬ್ಯಾಡ್ರಿ ಅಕ್ಕಾರ, ಅದು ದುಡ್ಯಾಕ ಬೇಕು," ಎಂದಳು.

ಹೊರಗೆ ಸಾಲು ಒಂದು ಹೆಜ್ಜೆ ಮುಂದೆ ಸರಿದ ಸದ್ದಾಯಿತು. ದಾಕ್ಷಾಯಣಿ ಸೂಜಿಯ ಡಬ್ಬಿ ತೆರೆದು, ತಾನು ಎಂದೂ ಬಾಯಿಬಿಟ್ಟು ಕೇಳದ ಪ್ರಶ್ನೆಯನ್ನು ಕೇಳಿದಳು.

"ಎಲ್ಲಿ ನೋವು, ಮಾಬೂಬಿ?"

"ಎಲ್ಲಿ ಚುಚ್ಚಿದ್ರ ನಲವತ್ತಾಕ್ಕೈತೋ," ಎಂದಳು ಮಾಬೂಬಿ ಕಣ್ಣು ಮುಚ್ಚಿಕೊಂಡು, "ಅಲ್ಲೇ ಅಂತ ಬರಕೋರಿ."